ಗಾದಿಯವರ ಮನೆಯ ಸೂಡಾನಿ ಡಾಕ್ಟರ್

ಅವನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಯುದ್ಧ ನಡೆಯುತ್ತಿರುವ ಊರಿನಲ್ಲಿ ಒಬ್ಬ ಡಾಕ್ಟರನ ಹೆಸರು ಯಾರ ಕೈಗೆ ಸಿಕ್ಕರೆ ಏನಾಗುತ್ತದೋ, ಯಾರಿಗೆ ಔಷಧಿ ಕೊಟ್ಟನೆಂದು ಯಾರು ಸಿಟ್ಟಾಗುತ್ತಾರೋ, ಸಿರುಗುಪ್ಪದಲ್ಲಿ ಕೂತ ನನಗೆ ತಿಳಿಯದು. ಕನ್ನಡದಲ್ಲಿ ಬರೆದದ್ದನ್ನು ಅಲ್ಲಿ ಯಾರು ಓದುತ್ತಾರೆ ಎಂದು ನನ್ನ ಗಂಡ ನಗುತ್ತಾರೆ. ನಗಲಿ. ಚಿಂತೆ ಮಾಡುವುದರಲ್ಲಿ ನಾನು ಎಂ.ಡಿ. ಮಾಡಿದವಳು. ಮಕ್ಕಳ ಕಾಯಿಲೆಯಲ್ಲಿ ಮಾಡಿದ್ದು ಆಮೇಲೆ.

ಇದನ್ನು ಬರೆಯುತ್ತಿರುವ ಹೊತ್ತಿಗೂ ಅವನಿಗೆ ಕಳಿಸಿದ ನನ್ನ ಸಂದೇಶದ ಪಕ್ಕ ಒಂದೇ ಟಿಕ್ ಇದೆ. ಹೋಗಿದೆ, ಮುಟ್ಟಿಲ್ಲ. ಕ್ಲಿನಿಕ್ಕಿನಲ್ಲಿ ಒಂದು ಮಗುವಿನ ಎದೆ ನೋಡಿ ಮುಗಿಸಿದೆನೋ ಇಲ್ಲವೋ, ಕೈ ಫೋನಿನ ಕಡೆ ಹೋಗುತ್ತದೆ. ನಮ್ಮ ನರ್ಸಮ್ಮ ಈಗೀಗ ಏನೂ ಕೇಳುವುದಿಲ್ಲ, ಮುಂದಿನ ಚೀಟಿಯವರನ್ನು ಸ್ವಲ್ಪ ತಡೆದು ಒಳಗೆ ಬಿಡುತ್ತಾಳೆ.

ಬಳ್ಳಾರಿಯ ಮೆಡಿಕಲ್ ಕಾಲೇಜಿನಲ್ಲಿ ನಾವು ಜೊತೆಗೆ ಓದಿದವರು. ಮೂವತ್ತು ವರ್ಷಕ್ಕೂ ಮೇಲಾಯಿತು. ಆಗ ಆಫ್ರಿಕಾದ ಬೇರೆ ಬೇರೆ ದೇಶಗಳಿಂದ ವಿದ್ಯಾರ್ಥಿಗಳು ನಮ್ಮ ಕಾಲೇಜಿಗೆ ಬರುತ್ತಿದ್ದರು. ನಮ್ಮ ಬ್ಯಾಚಿಗೆ ಬಂದವನು ಅವನೊಬ್ಬನೇ, ಸೂಡಾನಿನವನು. ಯಾವ ಬಾಗಿಲಿಗೆ ಬಂದರೂ ಅಭ್ಯಾಸಬಲದಿಂದ ತಲೆ ಬಗ್ಗಿಸುವಷ್ಟು ಎತ್ತರ. ಬಣ್ಣ ನಮ್ಮ ಕಡೆಯ ಎರೆಮಣ್ಣು ಮಳೆಗೆ ನೆನೆದಾಗ ಇರುವ ಕಪ್ಪು. ಬಳ್ಳಾರಿಯ ಬಿಸಿಲಿಗೆ ಬೇರೆ ಹುಡುಗರು ಒದ್ದೆ ಟವೆಲ್ಲು ತಲೆಗೆ ಸುತ್ತಿಕೊಂಡು ಓದುವಾಗ ಅವನು ತುಂಬುತೋಳಿನ ಅಂಗಿಗೆ ಕತ್ತಿನವರೆಗೂ ಗುಂಡಿ ಹಾಕಿಕೊಂಡು, ಇದು ಬಿಸಿಲೇನ್ರಿ ಎಂದು ಕೇಳುತ್ತಿದ್ದ. ಡಿಸೆಂಬರಿನಲ್ಲಿ ಮಾತ್ರ ಸ್ವೆಟರಿನೊಳಗೆ ಹೊಕ್ಕರೆ ಹೊರಗೆ ಬರುತ್ತಿರಲಿಲ್ಲ.

ಹಾಸ್ಟೆಲ್ಲಿನ ಊಟ ಒಗ್ಗದೆ ಮೊದಲ ವರ್ಷವೇ ಕೌಲ್ ಬಜಾರಿನಲ್ಲಿ ಗಾದಿ ಹೊಲಿಯುವವರ ಮನೆಯ ಮೇಲಿನ ಕೋಣೆ ಹಿಡಿದ. ಸಾಬರ ಮನೆ, ಉರ್ದು ಆಡುತ್ತಾರೆ, ಅರಬ್ಬಿ ಬಲ್ಲ ತನಗೆ ಅದು ಸುಲಭವಾಗಿ ಬಂದೀತು ಎಂಬುದು ಅವನ ಲೆಕ್ಕ. ಆ ಮನೆಯವರು ತಲೆತಲಾಂತರದಿಂದ ಆಡುವುದು ಕನ್ನಡ ಎಂದು ಗೊತ್ತಾದದ್ದು ಟ್ರಂಕು ಮೇಲೇರಿಸಿದ ಮೇಲೆ. ಮನೆಯೊಡತಿಯನ್ನು ನಾವೆಲ್ಲ ಬೂಬಮ್ಮ ಎನ್ನುತ್ತಿದ್ದೆವು. ಅವಳು ಹತ್ತಿ ತುಂಬುತ್ತ, ದಬ್ಬಣದಲ್ಲಿ ಗಾದಿಯ ಅಂಚು ಹೊಲಿಯುತ್ತ ಅವನಿಗೆ ಕನ್ನಡ ಕಲಿಸಿದಳು. ಬೈಗುಳದಿಂದ ಶುರು ಮಾಡಿದಳೆಂದು ಕಾಣುತ್ತದೆ. ಗಂಡಸಿನ ಗಂಟಲಿನಲ್ಲಿ ಕೌಲ್ ಬಜಾರಿನ ಹೆಂಗಸಿನ ಮಾತು ಬರುವುದನ್ನು ಕೇಳಿ ವಾರ್ಡಿನ ರೋಗಿಗಳು ನೋವು ಮರೆತು ನಗುತ್ತಿದ್ದರು. ಬೆಳಗಿನ ರೌಂಡ್ಸಿಗೆ ತಲೆಗೂದಲಿನಲ್ಲಿ ಹತ್ತಿಯ ಎಳೆ ಸಿಕ್ಕಿಸಿಕೊಂಡೇ ಬರುತ್ತಿದ್ದ. ಗಡಿಯಾಚೆಯಿಂದ ಬರುವ ರೋಗಿಗಳಿಗಾಗಿ ತೆಲುಗನ್ನೂ ಅಷ್ಟಿಷ್ಟು ಕಲಿತ. ಉರ್ದು ಮಾತ್ರ ಕೊನೆಯವರೆಗೂ ಬರಲಿಲ್ಲ.

ಹಾಸ್ಟೆಲ್ಲಿನ ಹುಡುಗರು ಅವನನ್ನು ಕರಿಯ ಎಂದು ಕರೆಯುತ್ತಿದ್ದರು. ಪ್ರೀತಿಯಿಂದ ಕರೆದದ್ದು ಎಂದು ಈಗ ಹೇಳಿಕೊಳ್ಳುವವರಿದ್ದಾರೆ. ಎಲ್ಲರದೂ ಪ್ರೀತಿಯಾಗಿರಲಿಲ್ಲ. ಅವನು ಬೂಬಮ್ಮನಿಂದ ಅರ್ಥ ತಿಳಿದುಕೊಂಡ. ಅವಳು ಹತ್ತಿ ಬಡಿಯುವ ಕೋಲು ಹಿಡಿದು ಹಾಸ್ಟೆಲ್ಲಿಗೆ ಹೊರಟಿದ್ದಳಂತೆ, ಅವನೇ ತಡೆದ. ಸ್ವಲ್ಪ ದಿನಕ್ಕೆ ಮೋಕ ಊರಿನ ರೈತರೊಬ್ಬರು ಮೆಡಿಸಿನ್ ವಾರ್ಡಿಗೆ ದಾಖಲಾದರು, ಕರಿಯಪ್ಪ ಎಂದು ಹೆಸರು. ಪ್ರೊಫೆಸರು ರೌಂಡ್ಸಿಗೆ ಬಂದಾಗ ಅವನು ಆ ರೈತರ ಮಂಚದ ಪಕ್ಕ ನೆಟ್ಟಗೆ ನಿಂತು, ಹಾಸ್ಟೆಲ್ಲಿನ ಹುಡುಗರೆಲ್ಲ ಕೇಳುವಂತೆ ಪರಿಚಯ ಹೇಳಿದ: "ನಾವಿಬ್ರೂ ಒಂದ ಹೆಸರಿನಾವ್ರು ಅದೀವಿ ಸರ್. ಇವ್ರು ದೊಡ್ಡ ಕರಿಯಪ್ಪ, ನಾ ಸಣ್ಣ ಕರಿಯಪ್ಪ." ಕರಿಯಪ್ಪನವರು ಮೊದಲು ನಕ್ಕರು, ಆಮೇಲೆ ವಾರ್ಡೇ ನಕ್ಕಿತು. ಹಾಗೆ ಕರೆಯುತ್ತಿದ್ದ ಹುಡುಗರು ನೆಲ ನೋಡುತ್ತ ನಿಂತರು. ಆ ಹೆಸರು ಅಲ್ಲಿಗೆ ಮುಗಿಯಿತು.

ಆದರೆ ಅವನಿಗೆ ನೋವಾಗಿರಲಿಲ್ಲವೆಂದು ಯಾರೂ ತಿಳಿಯಬಾರದು. ಲೈಬ್ರರಿ ಮೆಟ್ಟಿಲ ಮೇಲೆ ಕೂತಾಗ ಒಮ್ಮೆ ನನಗೆ ಹೇಳಿದ್ದ, ನಗಿಸುವುದು ಬಹಳ ಕಷ್ಟದ ಕೆಲಸ, ದಿನಾ ಮಾಡುವುದಕ್ಕಾಗುವುದಿಲ್ಲ ಎಂದು.

ಕುರುಗೋಡಿನಲ್ಲಿ ಒಮ್ಮೆ ಆರೋಗ್ಯ ಶಿಬಿರ ಹಾಕಿದ್ದೆವು. ಶಾಲೆಯ ವರಾಂಡದಲ್ಲಿ ಬೆಂಚು ಹಾಕಿ ಕೂತಿದ್ದೆವು. ನಮ್ಮೆಲ್ಲರ ಮುಂದೆ ಸಾಲು ಇತ್ತು, ಅವನ ಮುಂದೆ ಯಾರೂ ಇರಲಿಲ್ಲ. ಜನ ದೂರದಲ್ಲಿ ನಿಂತು ಅವನನ್ನು ನೋಡುತ್ತಿದ್ದರು. ನನಗೇ ಕಸಿವಿಸಿಯಾಗಿ, ಎದ್ದು ಅವನ ಪಕ್ಕ ಹೋಗಿ ಕೂರಲೇ ಎಂದುಕೊಳ್ಳುವಷ್ಟರಲ್ಲಿ ಒಬ್ಬ ಹೆಣ್ಣುಮಗಳು ಧೈರ್ಯ ಮಾಡಿ ಹತ್ತಿರ ಬಂದಳು. ಬಂದವಳು ಕಾಯಿಲೆ ಹೇಳಲಿಲ್ಲ. ಅವನ ಮುಂಗೈ ಹಿಡಿದು, ಬಣ್ಣ ಹೋಗುತ್ತದೋ ಎಂದು ಹೆಬ್ಬೆರಳಿನಿಂದ ತಿಕ್ಕಿದಳು.

"ತಿಕ್ಕವ್ವ, ಚೆಂದಗೆ ತಿಕ್ಕು," ಎಂದ ಅವನು. "ಹೋದ್ರ ನನಗೂ ಹೇಳು."

ಜನ ಘೊಳ್ಳೆಂದು ನಕ್ಕರು, ಅವಳೂ ನಕ್ಕಳು. ಅವನು ಮಾತ್ರ ನಗಲಿಲ್ಲ. ಅವಳು ಅವನ ಕೈ ಹಿಡಿದಿದ್ದಳು, ಅವನ ಇನ್ನೊಂದು ಕೈಯ ಬೆರಳು ಆಗಲೇ ಅವಳ ನಾಡಿಯ ಮೇಲಿತ್ತು. ನಾಡಿ ತಾಳ ತಪ್ಪಿ ಓಡುತ್ತಿತ್ತು. ಬಹಳ ದಿನದಿಂದ ಸುಸ್ತು ಎಂದು ಮನೆಯವರು ಕಷಾಯ ಕುಡಿಸುತ್ತಿದ್ದ ಅವಳಿಗೆ ಹೃದಯದ ಕವಾಟ ಕಿರಿದಾಗಿತ್ತು. ಅವಳನ್ನು ಅದೇ ಜೀಪಿನಲ್ಲಿ ಬಳ್ಳಾರಿಗೆ ಕರೆದುಕೊಂಡು ಬಂದೆವು, ಬದುಕಿದಳು. ಬರುವಾಗ ದಾರಿಯಲ್ಲಿ ಅವನು ಹೇಳಿದ್ದು ನೆನಪಿದೆ. ತಾನು ಮುಟ್ಟುತ್ತೇನೆ ಎಂದರೆ ಈ ಜನ ಬಿಡುವುದಿಲ್ಲ, ಅದಕ್ಕೇ ಮೊದಲು ತನ್ನನ್ನೇ ಮುಟ್ಟಲು ಬಿಡುತ್ತೇನೆ ಎಂದ. ಅಂಥ ಉಪಾಯ ಹುಡುಕಬೇಕಾಗಿ ಬಂದದ್ದಕ್ಕೆ ನನಗೆ ಈಗಲೂ ಸಿಟ್ಟಿದೆ.

ದೇವರಂಥ ಮನುಷ್ಯ ಎಂದು ಬರೆದರೆ ಅವನೇ ಬಂದು ಅಳಿಸಿಯಾನು. ಮಹಾ ಹಟಮಾರಿ. ಕೇರಂನಲ್ಲಿ ಸೋತರೆ ಬೋರ್ಡೇ ಸಮವಿಲ್ಲ ಎನ್ನುತ್ತಿದ್ದ. ಒಬ್ಬ ರೋಗಿಯ ಎದೆಯ ಸದ್ದಿನ ಬಗ್ಗೆ ನನ್ನ ಜೊತೆ ವಾರವಿಡೀ ಜಗಳವಾಡಿ, ಕೊನೆಗೆ ನಾನು ಹೇಳಿದ್ದೇ ಸರಿಯೆಂದು ಗೊತ್ತಾದಾಗ, ತಾನು ಕೇಳಿದ ದಿನ ರೋಗಿಯ ಎದೆ ಬೇರೆ ಥರ ಬಡಿಯುತ್ತಿತ್ತು ಎಂದ. ತಪ್ಪು ರೋಗಿಯದು. ಅಲಸಂದಿ ಕಾಳನ್ನು ಎಣ್ಣೆ, ಈರುಳ್ಳಿ ಹಾಕಿ ಅವರ ದೇಶದ ಪದ್ಧತಿಯಲ್ಲಿ ಬೇಯಿಸಿ ಎಲ್ಲರಿಗೂ ಬಡಿಸುತ್ತಿದ್ದ. ಚೆನ್ನಾಗಿಲ್ಲ ಎಂದವರ ಜೊತೆ ಮಾತು ಬಿಡುತ್ತಿದ್ದ. ಅದು ಚೆನ್ನಾಗಿರಲಿಲ್ಲ.

ಹೊಟ್ಟೆನೋವಿನವರನ್ನು ಪರೀಕ್ಷಿಸುವಾಗ ನೋವಿರುವ ಜಾಗಕ್ಕೆ ಮೊದಲು ಕೈ ಹಾಕಬಾರದು, ದೂರದಿಂದ ಮುಟ್ಟುತ್ತ ಬರಬೇಕು ಎಂಬುದು ಎಲ್ಲ ಡಾಕ್ಟರಿಗೂ ಕಲಿಸುವ ಪಾಠ. ನಾವು ಅದನ್ನು ಹೊಟ್ಟೆಗಷ್ಟೇ ಕಲಿತೆವು, ಅವನು ಎಲ್ಲದಕ್ಕೂ ಬಳಸಿದ. ಓದು ಮುಗಿಸಿ ಊರಿಗೆ ಹೋದ ಮೇಲೂ ಅವನೇ ನಮ್ಮನ್ನು ಒಬ್ಬರಿಗೊಬ್ಬರನ್ನು ಅಂಟಿಸಿಟ್ಟವನು. ಒಂದೇ ಜಿಲ್ಲೆಯಲ್ಲಿದ್ದು ವರ್ಷಗಟ್ಟಲೆ ಮುಖ ನೋಡದ ನಾವು, ಕೊಳಗಲ್ಲಿನ ನಮ್ಮ ಗೆಳತಿಗೆ ಮಂಡಿ ಆಪರೇಷನ್ ಆದದ್ದನ್ನು ಸೂಡಾನಿನಿಂದ ಬಂದ ಫೋನಿನಲ್ಲಿ ತಿಳಿಯುತ್ತಿದ್ದೆವು. ನನ್ನ ತಂದೆ ತೀರಿಕೊಂಡಾಗ ನನ್ನ ತಾಯಿಗೆ ಫೋನ್ ಮಾಡಿದ. ಓದುವ ಕಾಲದಲ್ಲಿ ನಮ್ಮ ಮನೆಗೆ ಬಂದು, ಹಗರಿ ಬಂದು ತುಂಗಭದ್ರೆಯನ್ನು ಸೇರುವ ಕಡೆ ಹೋಗಿ ನಿಂತು, ತಮ್ಮಲ್ಲೂ ಹೀಗೇ ಎರಡು ನದಿ ಕೂಡುತ್ತವೆ ಎಂದು ಹೇಳಿದ್ದವನು. ಫೋನಿನಲ್ಲಿ ಮೊದಲು ಭತ್ತ ಹೇಗಿದೆ ಎಂದು ಕೇಳಿದ, ಕಾಲುವೆಗೆ ನೀರು ಬಿಟ್ಟರೇ ಎಂದ, ಆಮೇಲೆ ಎಮ್ಮೆ. ಹಾಗೇ ಹತ್ತಿರ ಹತ್ತಿರ ಬಂದ. ಅಪ್ಪ ಹೋದ ಮೇಲೆ ಅಮ್ಮ ಬಾಯಿಬಿಟ್ಟು ಅತ್ತದ್ದು ಆ ಫೋನಿನಲ್ಲೇ ಮೊದಲು.

ಅಲ್ಲಿ ಯುದ್ಧ ಶುರುವಾದ ಮೇಲೂ ಅವನದು ಅದೇ ರೀತಿ. ನಾವು ಹೇಗಿದ್ದೀಯ ಎಂದು ಕೇಳಿದರೆ ಅವನು ಬಳ್ಳಾರಿಯಲ್ಲಿ ಮಳೆ ಆಯಿತೇ ಎಂದು ಕೇಳುತ್ತಿದ್ದ. ಕೆದಕಿ ಕೆದಕಿ ಕೇಳಿದ ಮೇಲೆ ತಿಳಿದದ್ದಿಷ್ಟು. ಹೆಂಡತಿ ಮಕ್ಕಳನ್ನು ಗಡಿ ದಾಟಿಸಿದ್ದಾನೆ, ಅವರ ಹೊಸ ನಂಬರು ನಮ್ಮಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ಆಸ್ಪತ್ರೆಯ ಬಹಳ ಜನ ಹೋಗಿದ್ದಾರೆ, ಇವನು ಹೋಗಿಲ್ಲ. ಬಾ ಮಾರಾಯ, ಸಾಕು, ಇಲ್ಲಿಗೇ ಬಂದುಬಿಡು ಎಂದು ನಾನು ಬರೆದೆ. ಬರ್ತೀನಿ, ವಾರ್ಡ್ ಖಾಲಿ ಆಗಲಿ ಎಂದು ಉತ್ತರ ಬಂತು. ವಾರ್ಡು ಯಾವ ಕಾಲಕ್ಕೆ ಖಾಲಿಯಾಗುತ್ತದೆ?

ಆ ಹೊತ್ತಿಗೇ ನಮ್ಮ ಹಳೆಯ ವಿದ್ಯಾರ್ಥಿಗಳ ಸಮಾವೇಶದ ಮಾತು ಎದ್ದಿತು. ಸಂಘದ ಅಧ್ಯಕ್ಷ ನಮ್ಮ ಬ್ಯಾಚಿನವನೇ, ಬಳ್ಳಾರಿಯಲ್ಲಿ ಅರಿವಳಿಕೆ ತಜ್ಞ. ಜನರನ್ನು ಮಲಗಿಸುವುದು ಅವನ ವೃತ್ತಿ, ನಮ್ಮನ್ನೆಲ್ಲ ಎಬ್ಬಿಸಿ ಕೂರಿಸುವುದು ಹವ್ಯಾಸ. ನಾನು ಒಂದು ಮಾತು ಹೇಳಿದೆ. ನಮ್ಮ ಕಾಲೇಜಿನ ಗೋಡೆಯ ಮೇಲೆ ಹೆಸರು ಮಾಡಿದವರ ಫೋಟೋಗಳಿವೆ, ಆಫ್ರಿಕಾದಿಂದ ಬಂದು ಓದಿದ ಒಬ್ಬರದೂ ಇಲ್ಲ. ಅವರು ಎಷ್ಟು ಊರುಗಳ ಜೀವ ಉಳಿಸುತ್ತಿದ್ದಾರೋ ನಮಗೆ ಗೊತ್ತೇ ಇಲ್ಲ. ಈ ಸಲ ಆ ಕಪ್ಪು ಡಾಕ್ಟರುಗಳನ್ನೇ ಕರೆದು ಸನ್ಮಾನ ಮಾಡೋಣ, ಮೊದಲ ಹಾರ ಇವನಿಗೆ. ಎಲ್ಲರೂ ಒಪ್ಪಿದರು. ಹಿಂದೆ ಅವನನ್ನು ಕರಿಯ ಎನ್ನುತ್ತಿದ್ದವನೇ ಎಲ್ಲರಿಗಿಂತ ಮೊದಲು ಒಪ್ಪಿದ. ಕೀನ್ಯಾದ ನಮ್ಮ ಜೂನಿಯರ್ ಒಬ್ಬಳು, ಈಗ ಅಲ್ಲಿ ದೊಡ್ಡ ಹೆರಿಗೆ ತಜ್ಞೆ, ಬರುತ್ತೇನೆ ಎಂದು ತಿಳಿಸಿದಳು. ಇವನಿಗೂ ನಾನು ಬರೆದೆ. ಒಂದೇ ಟಿಕ್. ಅದು ಎರಡಾಗಲೇ ಇಲ್ಲ.

ಹಾಗೆ ಕಾಯುತ್ತಿರುವಾಗ ಒಂದು ದಿನ ನಮ್ಮ ಬ್ಯಾಚಿನ ಗುಂಪಿಗೆ ವಿದೇಶದಲ್ಲಿರುವ ಸಹಪಾಠಿಯೊಬ್ಬ ಒಂದು ಸುದ್ದಿ ಹಾಕಿದ. ಸೂಡಾನಿನ ಒಂದು ಆಸ್ಪತ್ರೆಯ ಮೇಲೆ ಶೆಲ್ ಬಿದ್ದಿದೆ, ಹಿರಿಯ ಡಾಕ್ಟರೊಬ್ಬರು ಸತ್ತಿದ್ದಾರೆ. ಹೆಸರಿರಲಿಲ್ಲ, ಯಾವ ಆಸ್ಪತ್ರೆ ಎಂದೂ ಇರಲಿಲ್ಲ. ನಮ್ಮವನೇ ಇರಬಹುದಾ ಎಂದು ಅವನು ಕೆಳಗೆ ಬರೆದಿದ್ದ. ಮುಂದಿನವಳು ಅಯ್ಯೋ ಎಂದಳು. ಅದರ ಮುಂದಿನವನು ಕೈಮುಗಿದ. ಅಲ್ಲಿಂದ ಮುಂದೆ ಕುರಿಮಂದೆ ಹಳ್ಳ ದಾಟಿದ ಹಾಗೆ ಒಬ್ಬರ ಹಿಂದೆ ಒಬ್ಬರು ಶ್ರದ್ಧಾಂಜಲಿ ಹಾಕಿದರು. ಸಂಜೆಯೊಳಗೆ ಅವನ ಹಳೆಯ ಫೋಟೋಕ್ಕೆ ದೀಪ, ಕಮಲ, ಕೆಳಗೆ ಓಂ ಶಾಂತಿ. ಐದು ಹೊತ್ತು ನಮಾಜು ಮಾಡುವವನಿಗೆ! ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡಿದ್ದೆ. ಇವರೆಲ್ಲ ಡಾಕ್ಟರುಗಳು, ತಮ್ಮ ಕೈಯಾರೆ ನಾಡಿ ನೋಡದೆ, ಕಣ್ಣಿಗೆ ಬೆಳಕು ಬಿಟ್ಟು ನೋಡದೆ, ಎಂಥವರು ಬಂದು ಒತ್ತಾಯ ಮಾಡಿದರೂ ಸಾವಿನ ಸರ್ಟಿಫಿಕೇಟಿಗೆ ಸಹಿ ಹಾಕದವರು. ನನಗೆ ಎರಡು ಹೆದರಿಕೆ. ನಿಜವಾಗಿದ್ದರೆ ಎಂಬ ಹೆದರಿಕೆ ಒಂದು. ಅವನ ಫೋನು ಇವತ್ತೋ ನಾಳೆಯೋ ಜೀವ ಪಡೆದು, ಅವನು ಮೊದಲು ಇದನ್ನೇ ಓದಿದರೆ ಎಂಬ ಹೆದರಿಕೆ ಇನ್ನೊಂದು.

ಅಧ್ಯಕ್ಷ ಫೋನ್ ಮಾಡಿದ. ಸನ್ಮಾನವನ್ನು ಶ್ರದ್ಧಾಂಜಲಿ ಮಾಡೋಣ, ವೇದಿಕೆಯಲ್ಲಿ ಅವನ ಫೋಟೋ ಇಟ್ಟು ಹಾರ ಹಾಕೋಣ ಎಂದ.

"ನಾಡಿ ಹಿಡಿದು ನೋಡೀಯೇನ್ಲೇ?" ಎಂದೆ.

ನನಗೆ ಬೇರೆ ಏನಾದರೂ ಸುದ್ದಿ ಬಂದಿದೆಯೇ ಎಂದು ಕೇಳಿದ. ಇಲ್ಲ ಎಂದೆ. ಹಾಗಾದರೆ ಏನು ಮಾಡೋಣ ಹೇಳು ಎಂದ. ಅವನೂ ಅತ್ತಿದ್ದ, ಗಂಟಲಿನಲ್ಲೇ ತಿಳಿಯುತ್ತಿತ್ತು. ಸತ್ತಿದ್ದಾನೆಂದು ಗೊತ್ತಾದರೆ ಅಳಬಹುದು, ಬದುಕಿದ್ದರೆ ನಗಬಹುದು. ಎರಡೂ ಗೊತ್ತಿಲ್ಲದಾಗ ಮನುಷ್ಯ ಸುಮ್ಮನೆ ಕೂರಲಾರ, ಯಾವುದೋ ಒಂದು ತುದಿ ಮುಟ್ಟಿಬಿಡಬೇಕು ಅನಿಸುತ್ತದೆ. ಕಡೆಗೆ ಅವನು, ಹಾರದ ಮಾತು ಆಮೇಲೆ ನೋಡೋಣ, ಬೂಬಮ್ಮನನ್ನು ಸಮಾವೇಶಕ್ಕೆ ಕರೆಯಬೇಕು, ಅವಳಿಗೆ ವಿಷಯವನ್ನು ನೀನೇ ನಿಧಾನವಾಗಿ ತಿಳಿಸು ಎಂದು ನನ್ನ ತಲೆಗೆ ಕಟ್ಟಿದ.

ಕೌಲ್ ಬಜಾರಿಗೆ ಹೋದೆ. ಬೂಬಮ್ಮನಿಗೆ ಈಗ ಕಣ್ಣು ಮಂಜು, ಆದರೂ ದಬ್ಬಣ ಬಿಟ್ಟಿಲ್ಲ, ಬೆರಳಿನಲ್ಲೇ ಅಂಚು ಹುಡುಕಿ ಹೊಲಿಯುತ್ತಾಳೆ. ಮಂಡಿ ನೋವು ಹೇಗಿದೆ ಎಂದು ಕೇಳಿದೆ. ಮೊಮ್ಮಗಳ ಮದುವೆ ಯಾವಾಗ ಎಂದೆ. ಹತ್ತಿಯ ದರ ಕೇಳಿದೆ. ಅವಳು ಹೊಲಿಗೆ ನಿಲ್ಲಿಸಿದಳು. "ನೀನೂ ಅವನಂಗ ದೂರದಿಂದ ಬರಾಕತ್ತೀ ನೋಡು," ಎಂದಳು. ನಮ್ಮವರಲ್ಲೇ ಯಾರೋ ಕಳಿಸಿದ್ದನ್ನು ಮೊಮ್ಮಗಳು ಫೋನಿನಲ್ಲಿ ತೋರಿಸಿದ್ದಳಂತೆ, ದೀಪ, ಕಮಲ ಎಲ್ಲ.

ನೀನು ಇದನ್ನು ನಂಬಿದ್ದೀಯಾ ಎಂದು ಕೇಳಿದಳು. ಗೊತ್ತಿಲ್ಲ ಬೂಬಮ್ಮ ಎಂದೆ.

"ನನಗೂ ಗೊತ್ತಿಲ್ಲವ್ವ. ಸತ್ತಾರಿಗೆ ಕೇಳೋ ದುವಾ ಬ್ಯಾರೆ, ಇದ್ದಾರಿಗೆ ಕೇಳೋ ದುವಾ ಬ್ಯಾರೆ. ನಮಾಜಿಗೆ ಕುಂತಾಗೊಮ್ಮೆ ಯಾವ್ದು ಕೇಳ್ಲಿ ಅಂತ ತಿಳೀವಲ್ದು. ಇದ್ದಾಂವಗ ಸತ್ತಾರ ದುವಾ ಕೇಳಿದ್ರ ನನ್ನ ಕೈಯಾರ ಮಣ್ಣು ಹಾಕಿದಂಗ ಆಗ್ತೈತಿ. ಅದಕ್ಕ ಇದ್ದಾರ್ದ ಕೇಳಾಕತ್ತೀನಿ."

ಇಷ್ಟು ಹೇಳಿ ಅವಳು ಮತ್ತೆ ಹೊಲಿಯತೊಡಗಿದಳು. ನಾನು ಅಲ್ಲೇ ಹತ್ತಿಯ ರಾಶಿಯ ಪಕ್ಕ ಕೂತು ಅತ್ತೆ. ಅವಳು ಸಮಾಧಾನ ಮಾಡಲಿಲ್ಲ, ಚಹಾ ಮಾಡಿಸಿದಳು.

ಸಮಾವೇಶದ ದಿನ ಬಂತು. ಗೋಡೆಯ ಮೇಲೆ ಹೊಸ ಫೋಟೋಗಳು ಏರಿದ್ದವು, ಕೀನ್ಯಾ, ಸೂಡಾನ್, ಇನ್ನೂ ಯಾವ್ಯಾವ ದೇಶಗಳಲ್ಲೋ ದುಡಿಯುತ್ತಿರುವ ನಮ್ಮ ಕಾಲೇಜಿನ ಡಾಕ್ಟರುಗಳು. ಕೀನ್ಯಾದ ಗೆಳತಿ ಅವುಗಳ ಮುಂದೆ ಬಹಳ ಹೊತ್ತು ನಿಂತಿದ್ದಳು. ತಾನು ಓದುವಾಗ ಈ ಗೋಡೆಯ ಮೇಲೆ ತನ್ನಂಥ ಒಂದು ಮುಖವಿದ್ದಿದ್ದರೆ ಎಷ್ಟೋ ಸಂಜೆ ಅಳದೆ ಇರುತ್ತಿದ್ದೆ ಎಂದಳು. ಬೂಬಮ್ಮನನ್ನು ಮುಂದಿನ ಸಾಲಿನಲ್ಲಿ ಅವಳ ಪಕ್ಕವೇ ಕೂರಿಸಿದೆವು. ಇವನ ಫೋಟೋ ಮಾತ್ರ ಗೋಡೆಗೆ ಹೋಗದೆ ವೇದಿಕೆಯ ಮೇಲೆ ಒಂದು ಕುರ್ಚಿಯಲ್ಲಿತ್ತು. ಕೆಳಗೆ ತಟ್ಟೆಯಲ್ಲಿ ಸೇವಂತಿಗೆ ಹಾರ. ಅಧ್ಯಕ್ಷನನ್ನು ಕಣ್ಣಲ್ಲೇ ಕೇಳಿದೆ. ಹಾಜರಿ ಮುಗಿಯಲಿ ಎಂದು ಕೈಸನ್ನೆ ಮಾಡಿದ.

ಹಾಜರಿ ಎಂದರೆ ನಮ್ಮ ಸಮಾವೇಶಗಳಲ್ಲಿ ನಡೆದುಬಂದ ಪದ್ಧತಿ. ತೊಂಬತ್ತರ ಹತ್ತಿರವಿರುವ ನಮ್ಮ ಮೆಡಿಸಿನ್ ಪ್ರೊಫೆಸರು ಹಳೆಯ ಕ್ರಮದಲ್ಲೇ ಎಲ್ಲರ ಹೆಸರು ಕರೆಯುತ್ತಾರೆ. ಇದ್ದವರು ಪ್ರೆಸೆಂಟ್ ಸರ್ ಎನ್ನಬೇಕು. ಬರಲಾಗದ ಗೆಳೆಯರಿಗೆ ಬೇರೆಯವರು ಕೂಗಿ ಸುಳ್ಳು ಹಾಜರಿ ಹಾಕಿಸುವುದೂ ಉಂಟು, ಸರ್ ಅದನ್ನು ಹಿಡಿದು ಬೈಯುವುದೂ ಉಂಟು, ಅದೇ ದೊಡ್ಡ ತಮಾಷೆ. ತೀರಿಕೊಂಡವರ ಹೆಸರು ಬಂದಾಗ ಮಾತ್ರ ಯಾರೂ ಕೂಗುವುದಿಲ್ಲ. ಎಲ್ಲರೂ ಎದ್ದು ನಿಲ್ಲುತ್ತಾರೆ, ಸರ್ ಆ ಹೆಸರಿನ ಮೇಲೆ ಗೆರೆ ಎಳೆಯುತ್ತಾರೆ. ತರಗತಿಗೆ ಬಾರದವರಿಗೆ ಅವರು ಆ ಕಾಲದಲ್ಲಿ ಒಪ್ಪುತ್ತಿದ್ದ ಕಾರಣ ಒಂದೇ, ರೋಗಿಯ ಹತ್ತಿರ ಇರುವುದು. ಮದುವೆ, ಜ್ವರ, ಬಸ್ಸು ಏನೂ ನಡೆಯುತ್ತಿರಲಿಲ್ಲ.

ಹೆಸರುಗಳು ಒಂದೊಂದಾಗಿ ಬಂದವು. ನನ್ನ ಹೆಸರಿಗೆ ಓಗೊಟ್ಟೆನೋ ಇಲ್ಲವೋ ಅದೂ ನೆನಪಿಲ್ಲ. ಆಮೇಲೆ ಸರ್ ಅವನ ಹೆಸರನ್ನು, ಅವನ ತಂದೆಯ ಹೆಸರು, ಅಜ್ಜನ ಹೆಸರು ಸೇರಿಸಿ, ಹಿಂದೆ ಕರೆಯುತ್ತಿದ್ದ ಹಾಗೆಯೇ ಕರೆದರು.

ಯಾರೂ ಕೂಗಲಿಲ್ಲ. ಸರ್ ತಲೆ ತಗ್ಗಿಸಿ ಪೆನ್ನು ಹಿಡಿದು ಕಾದರು. ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ ಸರಿದ ಸದ್ದಾಯಿತು, ಇನ್ನೊಂದು ಸರಿಯಿತು. ಅಧ್ಯಕ್ಷ ತಟ್ಟೆಯ ಕಡೆ ಬಾಗಿದ. ಬೂಬಮ್ಮ ಏನಾಗುತ್ತಿದೆ ಎಂದು ತಿಳಿಯದೆ ಕತ್ತು ಅತ್ತಿತ್ತ ತಿರುಗಿಸುತ್ತಿದ್ದಳು. ಇಡೀ ಕಾಲೇಜು ಜೀವನದಲ್ಲಿ ಯಾರಿಗೂ ಸುಳ್ಳು ಹಾಜರಿ ಹಾಕಿಸದ ಪುಕ್ಕಲಿ ನಾನು. ಎದ್ದು ನಿಂತೆ.

"ಅದಾನ್ರಿ ಸರ್," ಎಂದೆ.

ಸರ್ ಕನ್ನಡಕದ ಮೇಲಿನಿಂದ ನೋಡಿದರು. "ಎಲ್ಲಿ?"

"ವಾರ್ಡಿನಾಗ ಸರ್. ರೋಗಿ ಹತ್ರ ಅದಾನ."

ಅವರು ಮತ್ತೆ ಪಟ್ಟಿಯ ಮೇಲೆ ಬಾಗಿದರು. ಆಮೇಲೆ ಆ ಹೆಸರಿನ ಮುಂದೆ ಹಾಜರಿ ಹಾಕಿ, ಮುಂದಿನವರನ್ನು ಕರೆದರು. ಅರ್ಧ ಎದ್ದಿದ್ದವರೆಲ್ಲ ಒಬ್ಬೊಬ್ಬರಾಗಿ ಕೂತರು.